ಸೆಕೆಂಡ್ ಹ್ಯಾಂಡ್ ಬಿಟ್‌ಕಾಯಿನ್ ಯಂತ್ರ: ಸಾಗರದ ಕಡೆಯ ಕೊಟ್ಟಿಗೆಯಲ್ಲಿ ಓಡಿಸಿ ಬರೆದ ರಿವ್ಯೂ

ಸ್ಟಾರ್ ಎಷ್ಟು ಎಂದು ನೋಡಿ ಮುಂದೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ನಾಲ್ಕು ಸ್ಟಾರ್. ಬಿಟ್‌ಕಾಯಿನ್ ದುಡಿಯಲು ಒಂದು. ಅದರ ಜೊತೆ ಗಂಟು ಬೀಳುವ ಆ್ಯಪ್‌ಗೂ ಒಂದೇ, ಅದೂ ಸೊನ್ನೆ ಒತ್ತಲು ಜಾಗ ಇಟ್ಟಿಲ್ಲ ಎಂಬ ಕಾರಣಕ್ಕೆ.

ಯಂತ್ರ ನನ್ನದಲ್ಲ, ಅಕ್ಕನ ಮಗನದ್ದು. ಅವನು ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಆನ್‌ಲೈನ್‌ನಲ್ಲಿ ಯಾರೋ ಮಾರಾಟಕ್ಕಿಟ್ಟಿದ್ದನ್ನು ಕಮ್ಮಿಗೆ ಸಿಕ್ಕಿತು ಎಂದು ತರಿಸಿಕೊಂಡ. ಸ್ವಿಚ್ ಹಾಕಿದ ರಾತ್ರಿಯೇ ಕೆಳಗಿನ ಮನೆಯ ಓನರ್ ಬಂದು ಬಾಗಿಲು ಬಡಿದರು. ಆಗ ಅವನಿಗೆ ನಮ್ಮ ಹಳೆ ಕೊಟ್ಟಿಗೆ ನೆನಪಾಯಿತು. "ಮಾವ, ನಿಮ್ಮ ಕಡೆ ತಂಪು ಜಾಸ್ತಿ, ಇದಕ್ಕೆ ಅದೇ ಬೇಕು" ಎಂದ. ತಂಪಿನ ವಿಷಯ ಸುಳ್ಳಲ್ಲ. ನಮ್ಮದು ಸಾಗರದಿಂದ ಒಳಗೆ, ಶರಾವತಿ ಹಿನ್ನೀರಿನ ಕಡೆಯ ಊರು. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆಗಳೂ ಒದ್ದೆ. ಕರೆಂಟ್ ಬಿಲ್ಲಿನ ವಿಷಯ ಮಾತ್ರ ಅವನೂ ಎತ್ತಲಿಲ್ಲ, ಮೀಟರ್ ನೋಡಿಯೇ ಮಾತಾಡೋಣ ಎಂದು ನಾನೂ ಸುಮ್ಮನಿದ್ದೆ.

ಕಂಪನಿಯ ಹೆಸರು ಬರೆಯುವುದಿಲ್ಲ, ಆ್ಯಪ್‌ನ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ನಾಳೆ ಅವರ ಚಾಟ್‌ಬಾಟ್ ಬಂದು "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಎನ್ನುತ್ತದೆ. ಅದನ್ನು ಇನ್ನೊಮ್ಮೆ ಓದುವ ತಾಳ್ಮೆ ನನಗಿಲ್ಲ.

ನೋಡಲು ಎಂಥದೂ ಇಲ್ಲ. ಒಂದು ಮೊಳಕ್ಕಿಂತ ಕಮ್ಮಿ ಉದ್ದದ ಅಲ್ಯುಮಿನಿಯಂ ಪೆಟ್ಟಿಗೆ, ಎರಡು ತುದಿಗೂ ಫ್ಯಾನ್, ಒಳಗೆ ಚಿಪ್ ತುಂಬಿದ ಮೂರು ಬೋರ್ಡ್. 2016ರ ಕಾಲದ ಮಾದರಿ. ಪವರ್ ಸಪ್ಲೈ ಬೇರೆ. ಸದ್ದಿನ ವಿಷಯ ಜಾಸ್ತಿ ಬರೆಯುವುದಿಲ್ಲ, ಪಕ್ಕದ ಹೊಸ ಕೊಟ್ಟಿಗೆಯಲ್ಲಿದ್ದ ಹಸು ಎರಡು ಹೊತ್ತು ಹಾಲು ಕರೆಯಲು ಬಿಡಲಿಲ್ಲ ಎಂದರೆ ಸಾಕು. ಅಮ್ಮನಿಗೆ ಬೇರೆಯೇ ಚಿಂತೆ. ಅವರಿಗೆ ಬಿಟ್‌ಕಾಯಿನ್ ಎಂದರೆ 2021ರಲ್ಲಿ ಟಿವಿಯಲ್ಲಿ ದಿನವೂ ಬರುತ್ತಿದ್ದ ಹಗರಣ. "ಎಂಥದಾ ಅದು, ಪೊಲೀಸರು ಗಿಲೀಸರು ಬರ್ತಾರಾ?" ಎಂದು ಮೊಮ್ಮಗನನ್ನೇ ಕೇಳಿದರು. ಅವನು ನಕ್ಕ. ಮನೆಯಲ್ಲಿ ಯಂತ್ರ ಇಟ್ಟು ಓಡಿಸುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಟ್ಯಾಕ್ಸ್ ಮಾತ್ರ ಇದೆ, ಅದರ ಕಥೆ ಆಮೇಲೆ.

ಮಾರಿದವನು ಬರೆದಿದ್ದ: "ಕಠಿಣ ಗಣಿತದ ಸಮಸ್ಯೆಗಳನ್ನು ಬಿಡಿಸುವ ಶಕ್ತಿಶಾಲಿ ಕಂಪ್ಯೂಟರ್." ಇದನ್ನು ನಂಬಬೇಡಿ. ನಂಬರ್ ಬೀಗವನ್ನು ಒಂದೊಂದೇ ನಂಬರ್ ತಿರುಗಿಸಿ, ತೆಗೆಯಿತಾ ಎಂದು ಎಳೆದು ನೋಡುವ ಕೆಲಸ ಇದು, ಅಷ್ಟೇ. ಈ ಪೆಟ್ಟಿಗೆ ಒಂದು ಸೆಕೆಂಡಿಗೆ 13.5 ಲಕ್ಷ ಕೋಟಿ ಸಲ ಹಾಗೆ ತಿರುಗಿಸಿ ನೋಡುತ್ತದೆ. ಜಗತ್ತಿನಲ್ಲಿ ಇಂಥ ಲಕ್ಷಾಂತರ ಯಂತ್ರಗಳು ಒಟ್ಟಿಗೆ ಅದೇ ಕೆಲಸದಲ್ಲಿರುತ್ತವೆ. ಸರಾಸರಿ ಹತ್ತು ನಿಮಿಷಕ್ಕೆ ಒಬ್ಬನಿಗೆ ತೆರೆಯುತ್ತದೆ. ಅವನು ಆ ಹತ್ತು ನಿಮಿಷದ ಬಿಟ್‌ಕಾಯಿನ್ ವ್ಯವಹಾರಗಳನ್ನು ಎಲ್ಲರಿಗೂ ಸೇರಿದ ಖಾತೆ ಪುಸ್ತಕಕ್ಕೆ ಬ್ಲಾಕ್ ಎಂಬ ಒಂದು ಪುಟವಾಗಿ ಸೇರಿಸಿ ಬಹುಮಾನ ತೆಗೆದುಕೊಳ್ಳುತ್ತಾನೆ. ಉಳಿದವರು ಆ ಹತ್ತು ನಿಮಿಷ ಸುಟ್ಟ ಕರೆಂಟು ಯಾವುದಕ್ಕೂ ಬರಲಿಲ್ಲ. ಸುಮ್ನೆ ವ್ಯರ್ಥ ಎಂದು ನಾನು ಹೇಳಿದರೆ ಅಕ್ಕನ ಮಗ ಒಪ್ಪುವುದಿಲ್ಲ. ಖಾತೆಯನ್ನು ತಿದ್ದಿ ಮೋಸ ಮಾಡಬೇಕೆನ್ನುವವನು ಅಷ್ಟೂ ಕರೆಂಟನ್ನು ಮತ್ತೆ ಖರ್ಚು ಮಾಡಬೇಕಾಗುತ್ತದೆ, ಆ ಖರ್ಚೇ ಕಾವಲು ಎನ್ನುತ್ತಾನೆ. ಮಾತು ಸರಿಯೇ. ಬ್ಯಾಂಕೂ ಬೇಡ, ಸರ್ಕಾರವೂ ಬೇಡ, ಮುಖ ನೋಡದವರ ನಡುವೆ ನಂಬಿಕೆ ಬೇಕು ಎಂದು 2009ರಲ್ಲಿ ಶುರು ಮಾಡಿದವರು ಕಂಡುಕೊಂಡ ದಾರಿ ಅದು. ದಾರಿ ಜಾಣತನದ್ದೇ. ಬಿಲ್ ಯಾರು ಕಟ್ಟುತ್ತಾರೆ ಎನ್ನುವುದು ಬೇರೆ ಪ್ರಶ್ನೆ.

ಬಹುಮಾನ ಶುರುವಿನಲ್ಲಿ 50 ಬಿಟ್‌ಕಾಯಿನ್ ಇತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಬಂದು 2024ರ ಏಪ್ರಿಲ್‌ನಿಂದ 3.125ಕ್ಕೆ ನಿಂತಿದೆ. ಇನ್ನೊಂದು ಕಡೆ ಯಂತ್ರಗಳು ಹೆಚ್ಚಾಗುತ್ತಲೇ ಇವೆ. 2025ರಲ್ಲಿ ಎಲ್ಲರ ಒಟ್ಟು ವೇಗ ಸೆಕೆಂಡಿಗೆ ಸಾವಿರ ಎಕ್ಸಾಹ್ಯಾಶ್ ಮುಟ್ಟಿತು. ಬೀಗವನ್ನು ಒಂದು ಸಲ ತಿರುಗಿಸಿ ನೋಡಿದರೆ ಒಂದು ಹ್ಯಾಶ್, ಎಕ್ಸಾ ಎಂದರೆ ಒಂದರ ಮುಂದೆ ಹದಿನೆಂಟು ಸೊನ್ನೆ. ನಮ್ಮ ಪೆಟ್ಟಿಗೆಯ ವೇಗವನ್ನು ಅದರ ಪಕ್ಕ ಇಟ್ಟು ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಒಬ್ಬನೇ ಓಡಿಸುತ್ತಾ ಕೂತರೆ ಸರಾಸರಿ 1,400 ವರ್ಷಕ್ಕೆ ಒಂದು ಸಲ ಬಹುಮಾನ. ಬಾದಾಮಿಯಲ್ಲಿ ಇಮ್ಮಡಿ ಪುಲಕೇಶಿ ಆಳುತ್ತಿದ್ದಾಗ ಸ್ವಿಚ್ ಹಾಕಿದ್ದರೆ ಈಗ ಈಗ ಸಿಗುವ ಹಾಗಿತ್ತು.

ಅದಕ್ಕೇ ಯಾರೂ ಒಬ್ಬರೇ ಓಡಿಸುವುದಿಲ್ಲ. ಪೂಲ್ ಎಂದು ಇದೆ. ಎಲ್ಲರೂ ಸೇರಿ ಓಡಿಸಿ, ಬಂದದ್ದನ್ನು ವೇಗದ ಪ್ರಕಾರ ಹಂಚಿಕೊಳ್ಳುವುದು. ಅದರಲ್ಲಿ ನಮ್ಮ ಪಾಲು ಎಷ್ಟು? ಒಂದು ಬಿಟ್‌ಕಾಯಿನ್‌ಗೆ ಒಂದು ಕೋಟಿ ರೂಪಾಯಿ ಎಂದು ಹಿಡಿಯೋಣ. ಉದಾರವಾಗಿಯೇ ಹಿಡಿದಿದ್ದೇನೆ. ದಿನಕ್ಕೆ ಸುಮಾರು 60 ರೂಪಾಯಿ ಆಗುತ್ತದೆ.

ಈಗ ಮೀಟರ್ ಕಡೆ ಬನ್ನಿ. ಪೆಟ್ಟಿಗೆ ಎಳೆಯುವುದು ಸುಮಾರು 1,350 ವ್ಯಾಟ್. ಹಗಲು ರಾತ್ರಿ ನಿಲ್ಲದೆ ಓಡಿದರೆ ದಿನಕ್ಕೆ 32 ಯೂನಿಟ್ ಚಿಲ್ಲರೆ. ತಿಂಗಳಿಗೆ 972 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಎಂದು ಹಿಡಿದರೆ ದಿನಕ್ಕೆ 194 ರೂಪಾಯಿ ಖರ್ಚು, 60 ರೂಪಾಯಿ ಆದಾಯ. ತಿಂಗಳಿಗೆ ನಾಲ್ಕು ಸಾವಿರದಷ್ಟು ಕೈಯಿಂದ ಹೋಗುತ್ತದೆ. ಅದೂ ಕರೆಂಟು ಒಂದು ನಿಮಿಷವೂ ಹೋಗದೆ ಇದ್ದರೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಈ 'ಇದ್ದರೆ'ಯ ಬೆಲೆ ಗೊತ್ತು.

ಇಷ್ಟರಲ್ಲಿ ಗೃಹಜ್ಯೋತಿಯ ಕಥೆಯೂ ಮುಗಿಯಿತು. 2023ರಿಂದ ನಮ್ಮ ಮನೆಗೆ ಬರುತ್ತಿದ್ದದ್ದು ಸೊನ್ನೆ ಬಿಲ್. 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಈ ಪೆಟ್ಟಿಗೆ ವಾರ ಕಳೆಯುವುದರೊಳಗೆ ಒಬ್ಬನೇ 200 ದಾಟಿಸುತ್ತದೆ. ಇದನ್ನು ಹೇಳಿದಾಗ ಅಕ್ಕನ ಮಗ ತೋಟದ ಪಂಪ್‌ಸೆಟ್ಟಿನ ಕಡೆ ನೋಡಿದ. ಹತ್ತು ಎಚ್‌ಪಿ ತನಕದ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಉಚಿತ ಅಲ್ವಾ, ಅದರ ನೋಟ. "ಅದಕ್ಕೆ ಕಳ್ಳತನ ಅಂತಾರೆ ಮಾರಾಯ" ಎಂದೆ. "ಸುಮ್ನೆ ನೋಡಿದೆ ಮಾವ" ಎಂದ. ಹೀಗೆ ಸುಮ್ನೆ ನೋಡುವವರು ಜಗತ್ತಿನಲ್ಲಿ ಬಹಳ ಜನ ಇದ್ದಾರೆ. ಅಗ್ಗದ ಕರೆಂಟು ಎಲ್ಲಿದೆಯೋ ಅಲ್ಲಿಗೆ ಈ ಯಂತ್ರಗಳು ಹೋಗುತ್ತವೆ. ಇರಾನಿನಲ್ಲಿ ಊರೂರಿಗೆ ಕರೆಂಟು ಹೋಗಲು ಶುರುವಾಗಿ 2021ರ ಮೇ ತಿಂಗಳಲ್ಲಿ ಸರ್ಕಾರವೇ ಗಣಿಗಾರಿಕೆಯನ್ನು (ಬಿಟ್‌ಕಾಯಿನ್‌ಗಾಗಿ ಹೀಗೆ ಯಂತ್ರ ಓಡಿಸುವುದಕ್ಕೆ ಇರುವ ಹೆಸರು) ಕೆಲವು ತಿಂಗಳು ನಿಲ್ಲಿಸಿತು. ಕೊಸೊವೊ ದೇಶ 2022ರ ಜನವರಿಯಲ್ಲಿ, ಚಳಿಗಾಲದ ಮಧ್ಯೆ, ಅದೇ ಕೆಲಸ ಮಾಡಿತು.

ಹಳೆ ಯಂತ್ರ ಆದ್ದರಿಂದ ಹೀಗೆ, ಹೊಸದು ತಗೊಂಡರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಭಾಗಶಃ ನಿಜ. ಈಗಿನ ಯಂತ್ರಗಳು ಅದೇ ಕೆಲಸಕ್ಕೆ ಸುಮಾರು ಆರನೇ ಒಂದು ಭಾಗ ಕರೆಂಟು ಸಾಕು ಎನ್ನುತ್ತವೆ. ಆದರೆ ಇಲ್ಲೊಂದು ಚಮತ್ಕಾರ ಇದೆ. ಪ್ರತಿ 2,016 ಬ್ಲಾಕಿಗೊಮ್ಮೆ, ಅಂದರೆ ಹೆಚ್ಚು ಕಮ್ಮಿ ಎರಡು ವಾರಕ್ಕೊಮ್ಮೆ, ಬಿಟ್‌ಕಾಯಿನ್ ತನ್ನ ಬೀಗವನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ ಅಥವಾ ಸಡಿಲ ಮಾಡಿಕೊಳ್ಳುತ್ತದೆ. ಎಲ್ಲರೂ ಒಳ್ಳೆ ಯಂತ್ರ ತಂದರೆ ಬೀಗ ಬಿಗಿಯಾಗುತ್ತದೆ. ಹತ್ತು ನಿಮಿಷ ಹತ್ತು ನಿಮಿಷವೇ ಉಳಿಯುತ್ತದೆ, ಬಹುಮಾನವೂ ಅಷ್ಟೇ ಉಳಿಯುತ್ತದೆ. ಒಳ್ಳೆ ಬಲ್ಬ್ ಹಾಕಿದರೆ ಮನೆಯ ಬಿಲ್ ಇಳಿಯುತ್ತದೆ, ಇಲ್ಲಿ ಒಳ್ಳೆ ಯಂತ್ರ ಬಂದಷ್ಟೂ ಹಳೆಯದನ್ನು ಗುಜರಿಗೆ ಹಾಕುವ ಕೆಲಸ ಮಾತ್ರ ಜೋರಾಗುತ್ತದೆ. ಆ ಗುಜರಿಯಲ್ಲಿ ಒಂದು ನಮ್ಮ ಕೊಟ್ಟಿಗೆಗೆ ಬಂದಿದೆ.

ಇನ್ನು ಊರಿನ ತಾಪತ್ರಯಗಳು. ಪವರ್ ಸಪ್ಲೈಗೆ 200 ವೋಲ್ಟಿಗಿಂತ ಕಮ್ಮಿಯಾದರೆ ಆಗುವುದಿಲ್ಲ. ಸಂಜೆ ಎಲ್ಲ ಮನೆಯ ದೀಪ, ಮಿಕ್ಸಿ, ಟಿವಿ ಶುರುವಾದ ಮೇಲೆ ನಮ್ಮ ಲೈನಿನಲ್ಲಿ 200 ಕಾಣುವುದೇ ಹಬ್ಬ. ಹಾಗಾಗಿ ಸ್ಟೆಬಿಲೈಸರ್ ಬೇಕಾಯಿತು. ಮನೆಯ ಇನ್ವರ್ಟರ್ ಈ ಹೊರೆ ಹೊರುವುದಿಲ್ಲ, ಪ್ರಯತ್ನವೂ ಮಾಡಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ನಾವು ಟಿವಿ ಪ್ಲಗ್ ಕೀಳುವವರು, ಜೊತೆಗೆ ಇದನ್ನೂ ಕಿತ್ತೆವು. ಅದು ಮತ್ತೆ ಶುರುವಾಗಿ, ಪೂಲ್ ಹುಡುಕಿ, ಬಿಸಿಯಾಗಿ, ಪೂರ್ತಿ ವೇಗಕ್ಕೆ ಬರುವಷ್ಟರಲ್ಲಿ ಇನ್ನೊಂದು ಗುಡುಗು.

ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆ ಹುಳಗಳು ಗೊತ್ತಲ್ಲ, ಅವು ಫ್ಯಾನಿನ ಗಾಳಿಗೆ ಸಿಕ್ಕಿ ಒಳಗೇ ಹೋದವು. ಮಾರನೇ ದಿನ ಬಿಚ್ಚಿ ನೋಡಿದರೆ ಚಿಪ್‌ಗಳ ಮೇಲೆ ರೆಕ್ಕೆಯ ಚಾಪೆ. ಬ್ರಶ್ ಹಿಡಿದು ಉಜ್ಜಿದ್ದು ನಾನು. ಸೊಳ್ಳೆ ಪರದೆ ಕಟ್ಟಿದರೆ ಗಾಳಿ ಸಾಲದೆ ಬಿಸಿ ಏರಿ ತಾನೇ ನಿಲ್ಲುತ್ತದೆ. ಕಟ್ಟದಿದ್ದರೆ ಹುಳ. ಎರಡರ ನಡುವಿನ ದಾರಿ ಯಾವ ಯೂಟ್ಯೂಬ್ ವಿಡಿಯೋದಲ್ಲೂ ಸಿಗಲಿಲ್ಲ. ಅವರೆಲ್ಲ ಹುಳ ಇಲ್ಲದ ದೇಶದಲ್ಲಿ ವಿಡಿಯೋ ಮಾಡುತ್ತಾರೆ ಎಂದು ಕಾಣುತ್ತದೆ.

ಬಟ್ಟೆಯ ವಿಷಯಕ್ಕೆ ಬಂದರೆ ಹೊಗಳಲೇಬೇಕು. ಒಳಗೆ ಹೋದ 1,350 ವ್ಯಾಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತದೆ, ರೂಂ ಹೀಟರ್ ಮಾಡುವುದೂ ಅದನ್ನೇ. ಫ್ಯಾನಿನ ಎದುರು ಬಿದಿರಿನ ಗಳ ಕಟ್ಟಿ ಬಟ್ಟೆ ಹಾಕಿದೆವು. ಜುಲೈ ತಿಂಗಳಲ್ಲಿ, ಹೊರಗೆ ಧೋ ಎಂದು ಸುರಿಯುತ್ತಿರುವಾಗ, ದಪ್ಪ ಟವೆಲ್ ಕೂಡ ಒಂದೇ ರಾತ್ರಿಗೆ ಗರಿಗರಿ. ಬಚ್ಚಲ ಒಲೆಯ ಮೇಲೆ ಒಣಗಿಸಿದ ಬಟ್ಟೆಗೆ ಬರುವ ಹೊಗೆ ವಾಸನೆ ಇಲ್ಲ. ಅಮ್ಮನ ಅಭಿಪ್ರಾಯ ಅಲ್ಲಿಂದ ಬದಲಾಯಿತು, ಪೊಲೀಸರ ಮಾತು ಮತ್ತೆ ಬರಲಿಲ್ಲ. ಅಡಿಕೆಯನ್ನೂ ಒಣಗಿಸಬಹುದು ಎಂದ ಅಕ್ಕನ ಮಗ. ನಾನು ಒಪ್ಪಲಿಲ್ಲ. ಮಂಡಿಯಲ್ಲಿ ದರ ಬೀಳುವುದಕ್ಕೆ ಈಗಿರುವ ಕಾರಣಗಳೇ ಸಾಕು.

ಇಷ್ಟಾದರೂ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ಹೇಳಿದಷ್ಟು ವೇಗದಲ್ಲಿ ಓಡುತ್ತದೆ, ಹೇಳಿದಷ್ಟು ಕರೆಂಟು ತಿನ್ನುತ್ತದೆ. ಸಿಟ್ಟು ಇರುವುದು ಆ್ಯಪ್ ಮೇಲೆ.

ಯಂತ್ರವನ್ನು ಪೂಲ್‌ಗೆ ಸೇರಿಸಲು, ಬಂದ ಚೂರುಪಾರನ್ನು ನೋಡಲು, ತೆಗೆಯಲು ಎಲ್ಲದಕ್ಕೂ ಆ್ಯಪ್ ಬೇಕು. ಅದಕ್ಕೆ ಕೆವೈಸಿ. ಆಧಾರ್‌ನಲ್ಲಿ ಅಕ್ಕನ ಮಗನ ಇನಿಷಿಯಲ್ ಹಿಂದೆ ಇದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಊರಿನ ಹೆಸರು ಮುಂದೆ ಬಂದು ಕೂತಿದೆ. ನಮ್ಮ ಕಡೆ ಮೂರರಲ್ಲೂ ಒಂದೇ ಹೆಸರು ಇರುವವರು ಸಿಕ್ಕರೆ ಕರೆದು ಸನ್ಮಾನ ಮಾಡಬೇಕು. ಆ್ಯಪ್‌ಗೆ ಇದೆಲ್ಲ ಅರ್ಥವಾಗುವುದಿಲ್ಲ. ಸರ್‌ನೇಮ್ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ, ತುಂಬಿದರೆ ಪ್ಯಾನ್‌ಗೆ ಹೊಂದುವುದಿಲ್ಲ. ಕೋಟಿಗಟ್ಟಲೆ ಬಂಡವಾಳ ಎತ್ತಿದ ಕಂಪನಿಗಳಿಗೆ ದಕ್ಷಿಣದವರಲ್ಲಿ ಬಹಳ ಜನಕ್ಕೆ ಸರ್‌ನೇಮ್ ಎಂಬುದೇ ಇಲ್ಲ ಎಂದು ಹೇಳುವವರು ಆಫೀಸಿನಲ್ಲಿ ಒಬ್ಬರೂ ಇಲ್ವಾ?

ಆಮೇಲೆ ಒಟಿಪಿ. ಮನೆಗೆ ಕೇಬಲ್ ಹುಡುಗ ಎಳೆದುಕೊಟ್ಟ ವೈಫೈ ಇದೆ, ಯಂತ್ರಕ್ಕೆ ಅದು ಧಾರಾಳ. ಮೊಬೈಲ್ ಸಿಗ್ನಲ್ ಬೇಕೆಂದರೆ ಮಾತ್ರ ಗುಡ್ಡ ಹತ್ತಬೇಕು. ನೆಟ್‌ವರ್ಕ್ ಕೊಡದಿದ್ದರೆ ವೋಟು ಹಾಕುವುದಿಲ್ಲ ಎಂದು ಬೋರ್ಡ್ ಹಾಕಿದ ಊರುಗಳು ನಮ್ಮ ಸುತ್ತಮುತ್ತ ಇವೆ. ಒಟಿಪಿ ಎಸ್‌ಎಂಎಸ್‌ನಲ್ಲೇ ಬರುತ್ತದೆ, ಎರಡು ನಿಮಿಷದಲ್ಲಿ ಸಾಯುತ್ತದೆ. ಗುಡ್ಡದ ಮೇಲೆ ಸಿಗ್ನಲ್ ಇದೆ, ಆದರೆ ಲಾಗಿನ್ ಪುಟ ತೆರೆಯುವಷ್ಟು ಡೇಟಾ ಅಲ್ಲಿಲ್ಲ. ಮನೆಯಲ್ಲಿ ಪುಟ ತೆರೆಯುತ್ತದೆ, ಒಟಿಪಿ ಬರುವುದಿಲ್ಲ. ಕೊನೆಗೆ ನಾನು ಮನೆಯಲ್ಲಿ ಪುಟ ತೆರೆದು ಕೂತು, ಅವನು ಗುಡ್ಡದ ಮೇಲಿಂದ ಆರು ಅಂಕಿ ಕೂಗಿ ಹೇಳಿ ಲಾಗಿನ್ ಮಾಡಿದೆವು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿರುತ್ತದೆ. ನಮ್ಮದನ್ನು ಆ ಕಣಿವೆ ಪೂರ್ತಿ ಕೇಳಿತು.

ಒಂದು ಬೋರ್ಡ್ ಕೈಕೊಟ್ಟಾಗ ಸಹಾಯ ಕೇಳಿದೆವು. ಹೆಣ್ಣುಮಗಳ ಹೆಸರಿಟ್ಟ ಚಾಟ್‌ಬಾಟ್ ಬಂದು ಯಂತ್ರವನ್ನು ಆಫ್ ಮಾಡಿ ಆನ್ ಮಾಡಲು ಹೇಳಿತು. ಮಾಡಿದೆವು. ಫೋಟೋ ಕಳಿಸಿ ಎಂದಿತು, ಕಳಿಸಿದೆವು. ವಿಡಿಯೋ ಬೇಕು ಎಂದಿತು. ಅಷ್ಟರಲ್ಲಿ ಘಟ್ಟದ ಕಡೆ ಮರ ಬಿದ್ದು ಲೈನ್ ಹೋಯಿತು. ಕರೆಂಟು ಬಂದ ಮೇಲೆ ನೋಡಿದರೆ, "24 ಗಂಟೆಯೊಳಗೆ ನೀವು ಉತ್ತರಿಸದ ಕಾರಣ ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸಿ ಟಿಕೆಟ್ ಮುಚ್ಚಲಾಗಿದೆ." ಕೆಳಗೆ ಐದು ಸ್ಟಾರ್‌ಗಳ ಸಾಲು, ನಮ್ಮ ಸೇವೆ ಹೇಗಿತ್ತು ಎಂದು.

ಅದೇ ವಾರ ಲೈನ್‌ಮ್ಯಾನ್ ಬಂದರು. ರೈನ್‌ಕೋಟ್ ಹಾಕಿ, ಕತ್ತಿ ಹಿಡಿದು, ಮೊಣಕಾಲುದ್ದ ನೀರಲ್ಲಿ. ಅವರ ನಂಬರ್ ಊರಿನ ಎಲ್ಲರ ಫೋನಿನಲ್ಲೂ ಇದೆ. ಬೈದರೆ ತಿರುಗಿ ಬೈಯುತ್ತಾರೆ, ಕಾಫಿ ಕೊಟ್ಟರೆ ಕುಡಿಯುತ್ತಾರೆ, ಯಾವ ಕಂಬದಲ್ಲಿ ಏನಾಗಿದೆ ಎಂದು ಹೇಳಿ ಹೋಗುತ್ತಾರೆ. ಆ್ಯಪ್ ಕಂಪನಿಯಲ್ಲಿ ಹಾಗೆ ಕರೆದು ಕೇಳಬಹುದಾದ ಒಬ್ಬ ಮನುಷ್ಯನ ಹೆಸರೂ ನಮಗೆ ಇಷ್ಟು ದಿನದಲ್ಲಿ ಗೊತ್ತಾಗಲಿಲ್ಲ.

ಎಲ್ಲಕ್ಕಿಂತ ಚಂದ ದುಡ್ಡು ತೆಗೆಯುವ ನಿಯಮ. ಕನಿಷ್ಠ 0.001 ಬಿಟ್‌ಕಾಯಿನ್ ಕೂಡಿದ ಮೇಲೆಯೇ ತೆಗೆಯಬಹುದು. ನಮ್ಮ ವೇಗದಲ್ಲಿ ಅದು ನಿಲ್ಲದೆ ಓಡಿದರೆ ಐದೂವರೆ ತಿಂಗಳು. ನಿಲ್ಲಿಸಿಬಿಟ್ಟರೆ, ಖಾತೆ ಬಳಕೆಯಲ್ಲಿಲ್ಲ ಎಂದು ಪ್ರತಿ ತಿಂಗಳು ನಿರ್ವಹಣೆಯ ಶುಲ್ಕ ಕತ್ತರಿಸುತ್ತಾರೆ. ಹಾಗಾದರೆ ಖಾತೆಯನ್ನೇ ಅಳಿಸಿಬಿಡೋಣ ಎಂದು ಹೊರಟೆವು. ಅಳಿಸುವ ಬಟನ್ ಸೆಟ್ಟಿಂಗ್ಸ್‌ನ ಒಳಗಿನ ಒಳಗಿನ ಒಳಗೆ ಇದೆ. ಒತ್ತಿದರೆ, ಬಾಕಿ ಮೊತ್ತ ಸೊನ್ನೆ ಆಗುವ ತನಕ ಅಳಿಸಲು ಬರುವುದಿಲ್ಲ ಎನ್ನುತ್ತದೆ. ಬಾಕಿ ಮೊತ್ತ ಕನಿಷ್ಠಕ್ಕಿಂತ ಕಮ್ಮಿ ಇರುವುದರಿಂದ ತೆಗೆಯಲೂ ಬರುವುದಿಲ್ಲ. ಇದನ್ನು ಯೋಚಿಸಿ ಬರೆದ ಇಂಜಿನಿಯರ್‌ಗೆ ಪ್ರಮೋಷನ್ ಸಿಕ್ಕಿರಬೇಕು.

ಟ್ಯಾಕ್ಸ್ ಕಥೆ ಬಾಕಿ ಇದೆ ಎಂದಿದ್ದೆ. 2022ರ ಏಪ್ರಿಲ್‌ನಿಂದ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ನಾಣ್ಯಗಳ ಲಾಭದ ಮೇಲೆ ಶೇಕಡಾ 30 ತೆರಿಗೆ, ಜುಲೈನಿಂದ ಮಾರುವಾಗ ಶೇಕಡಾ 1 ಟಿಡಿಎಸ್. ಒಂದು ಕಾಯಿನ್ನಿನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಗಣಿಗಾರಿಕೆ ಮಾಡುವವರಿಗೆ ಇನ್ನೂ ಒಂದು ಪೆಟ್ಟು ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಗಣಿಗಾರಿಕೆಯ ಮೂಲಸೌಕರ್ಯಕ್ಕೆ ಮಾಡಿದ ಖರ್ಚನ್ನು ಅಸಲು ಎಂದು ಪರಿಗಣಿಸುವುದಿಲ್ಲ ಎಂದು ಸರ್ಕಾರ 2022ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲೇ ಹೇಳಿದೆ. ಯಂತ್ರದ ದುಡ್ಡೂ ನಿಮ್ಮದೇ, ಬಿಲ್ಲೂ ನಿಮ್ಮದೇ. 194 ರೂಪಾಯಿ ಸುಟ್ಟು 60 ರೂಪಾಯಿ ದುಡಿದವನು ಆ 60ಕ್ಕೂ ತೆರಿಗೆ ಲೆಕ್ಕ ಹಾಕಬೇಕು. ನಷ್ಟಕ್ಕೆ ತೆರಿಗೆ ಕಟ್ಟುವ ದಂಧೆ ಬೇರೆ ಯಾವುದಿದೆ, ನನಗಂತೂ ನೆನಪಾಗುತ್ತಿಲ್ಲ.

ಆ್ಯಪ್‌ನ ಮೊದಲ ಪುಟದಲ್ಲಿ ಒಂದು ಹಸಿರು ಎಲೆಯ ಚಿತ್ರ ಇದೆ. ಅದನ್ನು ಒತ್ತಿದರೆ 'ಹಸಿರು ಗಣಿಗಾರಿಕೆ' ಎಂಬ ಪುಟ ತೆರೆಯುತ್ತದೆ. ತಿಂಗಳಿಗೆ ಇನ್ನಷ್ಟು ದುಡ್ಡು ಕೊಟ್ಟರೆ ನಮ್ಮ ಹೆಸರಲ್ಲಿ ಎಲ್ಲೋ ಒಂದು ಮರ ನೆಡುತ್ತಾರಂತೆ. ಮಲೆನಾಡಿನವರಿಗೆ ಈ ಮಾತು ಹೊಸದಲ್ಲ. ನಮ್ಮ ಗುಡ್ಡಗಳಿಗೆ ಮರ ನೆಡುತ್ತೇವೆ ಎಂದು ಬಂದವರು ನೆಟ್ಟು ಹೋದದ್ದು ಅಕೇಶಿಯಾ.

ಅಕ್ಕನ ಮಗನಿಗೆ ಮರದಲ್ಲಿ ನಂಬಿಕೆ ಇಲ್ಲ, ನೀರಿನಲ್ಲಿ ಇದೆ. "ಇದು ಹೈಡಲ್ ಕರೆಂಟು ಮಾವ, ನಿಮ್ಮ ಮನೆ ಹಿಂದಿನ ನೀರಿನದ್ದೇ. ಹೊಗೆ ಇಲ್ಲ, ಕಲ್ಲಿದ್ದಲು ಇಲ್ಲ. ಮಳೆಗಾಲದಲ್ಲಿ ಹೇಗೂ ನೀರು ಜಾಸ್ತಿ." ಈ ವಾದ ಅವನೊಬ್ಬನದಲ್ಲ. ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಇದನ್ನೇ ಮಾಡುತ್ತಿದ್ದರು. ಮಳೆಗಾಲ ಬಂತೆಂದರೆ ಅಲ್ಲಿನ ಜಲವಿದ್ಯುತ್ ಅಗ್ಗವಾಗುತ್ತಿತ್ತು, ಗಣಿಗಾರರು ಯಂತ್ರಗಳನ್ನು ಲಾರಿಗೆ ತುಂಬಿಕೊಂಡು ಬರುತ್ತಿದ್ದರು, ಮಳೆ ಮುಗಿದ ಮೇಲೆ ಕಲ್ಲಿದ್ದಲಿನ ಷಿನ್‌ಜಿಯಾಂಗ್ ಕಡೆಗೆ ವಾಪಸ್. 2021ರಲ್ಲಿ ಚೀನಾ ಎಲ್ಲವನ್ನೂ ನಿಷೇಧಿಸಿತು, ಯಂತ್ರಗಳು ಅಮೆರಿಕಕ್ಕೂ ಕಜಕಸ್ತಾನಕ್ಕೂ ಹೋದವು. ಭೂತಾನ್ ಸರ್ಕಾರದ ಕಂಪನಿಯೂ ನದಿಯ ಕರೆಂಟಿನಲ್ಲಿ ಬಿಟ್‌ಕಾಯಿನ್ ತೆಗೆದಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2025ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಬಿಟ್‌ಕಾಯಿನ್ ಬಳಸುವ ಕರೆಂಟಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಶೇಕಡಾ 52.4ರಷ್ಟು, ನೀರು, ಗಾಳಿ, ಬಿಸಿಲು, ಅಣುಶಕ್ತಿಯದ್ದು. ಅದನ್ನು ಮುಚ್ಚಿಡುವುದು ಸರಿಯಲ್ಲ.

ಆದರೆ ಅದೇ ಅಂದಾಜಿನಲ್ಲಿ ಒಟ್ಟು ಎಷ್ಟು ಎಂಬುದೂ ಇದೆ. ವರ್ಷಕ್ಕೆ 138 ಟೆರಾವ್ಯಾಟ್ ಅವರ್, ಅಂದರೆ 13,800 ಕೋಟಿ ಯೂನಿಟ್. ಜಗತ್ತಿನ ಕರೆಂಟಿನಲ್ಲಿ ಶೇಕಡಾ ಅರ್ಧ. ಸಣ್ಣದು ಎನಿಸುತ್ತದೆ ಅಲ್ವಾ? ನಮ್ಮ ಅಳತೆಯಲ್ಲಿ ಹೇಳುತ್ತೇನೆ. ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರ, ಒಟ್ಟು 1,035 ಮೆಗಾವ್ಯಾಟ್. ಹತ್ತೂ ಯಂತ್ರ ವರ್ಷಪೂರ್ತಿ ಹಗಲು ರಾತ್ರಿ ಒಂದು ಕ್ಷಣ ನಿಲ್ಲದೆ ಪೂರ್ತಿ ಶಕ್ತಿಯಲ್ಲಿ ತಿರುಗಿದರೂ (ನೀರು ಅಷ್ಟು ಇರುವುದಿಲ್ಲ, ಆ ಮಾತು ಬೇರೆ) ಬರುವುದು 907 ಕೋಟಿ ಯೂನಿಟ್. ಬಿಟ್‌ಕಾಯಿನ್ ಒಂದಕ್ಕೇ ಅಂಥ ಹದಿನೈದು ಶರಾವತಿ ಬೇಕು.

ಒಂದು ಶರಾವತಿಗೆ ಏನು ಕೊಟ್ಟಿದ್ದೇವೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಊರುಗಳು, ಗದ್ದೆಗಳು, ತೋಟಗಳು ನೀರಿನಡಿ ಹೋದವು. ಬೆಟ್ಟದ ನೆತ್ತಿಗಳು ದ್ವೀಪಗಳಾದವು. ಹಿನ್ನೀರಿನ ಎರಡು ದಡಗಳ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆ ಆಗಿದ್ದು 2025ರ ಜುಲೈನಲ್ಲಿ. ನಡುವಿನ ಆರು ದಶಕ ಬಸುರಿ ಬಾಣಂತಿಯರೂ ಶಾಲೆಯ ಮಕ್ಕಳೂ ಲಾಂಚ್‌ಗೆ ಕಾದರು, ನಾನೂ ಕಾದಿದ್ದೇನೆ. ಮುಳುಗಡೆಯವರ ಜಮೀನಿನ ಹಕ್ಕಿನ ತಕರಾರು ಇವತ್ತಿಗೂ ಮುಗಿದಿಲ್ಲ. ಈಗ ಇದೇ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ (ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಇಳಿಸಿ ಕರೆಂಟು ತೆಗೆಯುವುದು) ಬೇಕೋ ಬೇಡವೋ ಎಂದು ಜಗಳ ನಡೆಯುತ್ತಿದೆ. ಹೈಡಲ್ ಕರೆಂಟಿಗೆ ಹೊಗೆ ಇಲ್ಲ ಎನ್ನುವುದು ಸರಿ, ಆದರೆ ಅದು ಪುಕ್ಕಟೆ ಎಂದು ಹೇಳುವವರು ಒಮ್ಮೆ ಹಿನ್ನೀರಿನ ಆಚೆ ದಡದಲ್ಲಿ ನಿಂತು ಹೇಳಲಿ.

ಮಳೆಗಾಲದಲ್ಲಿ ನೀರು ಜಾಸ್ತಿ ಎಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಅದು ತುಂಬಿ ಕೋಡಿ ಬೀಳದ ವರ್ಷಗಳಲ್ಲಿ ಜುಲೈನಲ್ಲಿ ಬಳಸದೆ ಬಿಟ್ಟ ನೀರು ಎಲ್ಲೂ ಹೋಗುವುದಿಲ್ಲ, ಏಪ್ರಿಲ್‌ನಲ್ಲಿ ಕೆಲಸಕ್ಕೆ ಬರುತ್ತದೆ. ಕೊಟ್ಟಿಗೆಯಲ್ಲಿ ಜುಲೈ ತಿಂಗಳು ಸುಟ್ಟ ಯೂನಿಟ್ ಬೇಸಿಗೆಯ ರಾತ್ರಿ ಯಾರದೋ ಮನೆಯ ಫ್ಯಾನ್ ತಿರುಗಿಸಬೇಕಾಗಿದ್ದದ್ದು.

"ಹಾಗಾದರೆ ಬ್ಯಾಂಕು, ಎಟಿಎಂ, ಡೇಟಾ ಸೆಂಟರ್ ಕರೆಂಟು ತಿನ್ನುವುದಿಲ್ವಾ?" ಎಂದು ಅಕ್ಕನ ಮಗ ಕೇಳಿದ. ತಿನ್ನುತ್ತವೆ. ಆದರೆ ಹೆಚ್ಚು ತಿಂದವನಿಗೆ ಹೆಚ್ಚು ಗೆಲುವು ಎಂದು ಅಲ್ಲಿ ನಿಯಮ ಮಾಡಿಲ್ಲ. ಬೇರೆ ದಾರಿ ಇಲ್ಲ ಎನ್ನುವುದಕ್ಕೂ ಆಗುವುದಿಲ್ಲ. ಈಥೀರಿಯಂ ಎಂಬ ಇನ್ನೊಂದು ಕ್ರಿಪ್ಟೋ 2022ರ ಸೆಪ್ಟೆಂಬರ್ 15ಕ್ಕೆ ಈ ಬೀಗ ತಿರುಗಿಸುವ ಪದ್ಧತಿಯನ್ನೇ ಬಿಟ್ಟಿತು. ನಾಣ್ಯ ಒತ್ತೆ ಇಟ್ಟವರಲ್ಲಿ ಸರದಿ ಆರಿಸುವ ಪದ್ಧತಿ ಈಗ ಅಲ್ಲಿದೆ. ಅದರ ಕರೆಂಟು ಶೇಕಡಾ 99.9ಕ್ಕಿಂತಲೂ ಜಾಸ್ತಿ ಇಳಿಯಿತು. ದುಡ್ಡಿದ್ದವನಿಗೇ ಅಧಿಕಾರ ಹೋಗುತ್ತದೆ ಎಂಬ ಆಕ್ಷೇಪ ಅದರ ಮೇಲೆ ಇದೆ. ಇಲ್ಲಿ ಮಾತ್ರ ಯಂತ್ರ ಕೊಳ್ಳಲು ಬಡವರು ಸಾಲಿನಲ್ಲಿ ನಿಂತಿದ್ದಾರಾ?

ಯಾರು ಕೊಳ್ಳಬಹುದು ಎಂದು ಕೇಳಿದರೆ, ಬಿಟ್‌ಕಾಯಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಕೈಯಾರೆ ಬಿಚ್ಚಿ ನೋಡಬೇಕು ಎನ್ನುವ ಇಂಜಿನಿಯರಿಂಗ್ ಹುಡುಗರು, ಅದೂ ಗುಜರಿ ರೇಟಿಗೆ ಸಿಕ್ಕರೆ. ದುಡಿಯಲು ಎಂದು ಯಾರೂ ಕೊಳ್ಳಬೇಡಿ. ಬಟ್ಟೆ ಒಣಗಿಸಲು ಇದಕ್ಕಿಂತ ಕಮ್ಮಿ ಬೆಲೆಗೆ, ಸದ್ದಿಲ್ಲದ, ಕೆವೈಸಿ ಕೇಳದ ಹೀಟರ್ ಸಾಗರದ ಪೇಟೆಯಲ್ಲೇ ಸಿಗುತ್ತದೆ. ಆ್ಯಪ್ ಅನ್ನು ಮಾತ್ರ ಯಾವ ಕಾರಣಕ್ಕೂ ಹಾಕಿಕೊಳ್ಳಬೇಡಿ.

ಅಕ್ಕನ ಮಗ ಯಂತ್ರವನ್ನು ಮಾರಲು ಇಟ್ಟಿದ್ದಾನೆ. ಎರಡು ಬೋರ್ಡ್ ಓಡುತ್ತವೆ, ಮೂರನೆಯದು ಇಲ್ಲ, ಹುಳ ತೆಗೆದು ಒರೆಸಿದ್ದೇನೆ. ಬೇಕಾದವರು ಅವನನ್ನೇ ಕೇಳಿ, ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತಾನೆ. ಸ್ಟೆಬಿಲೈಸರ್ ಜೊತೆಗೆ ಬರುವುದಿಲ್ಲ, ಅದು ಈಗ ಅಮ್ಮನ ಮಿಕ್ಸಿಗೆ ಇದೆ.